ಟೇಬಲ್ ಸಾ ಕೊಳ್ಳುವ ಮುಂಚೆ ಬ್ಲೇಡಿನ ಹಿಂದೆ ನೋಡಿ

ನನ್ನ ಎಡಗೈ ತೋರುಬೆರಳಿನ ತುದಿ ಇಲ್ಲ. ಶೇಂಗಾ ಸುಲಿಯಲು ಕೂತಾಗೆಲ್ಲ ಅದು ನೆನಪಾಗುತ್ತೆ. ಬೆರಳು ಹೋಗಿದ್ದು 2016ರ ಬೇಸಿಗೆಯಲ್ಲಿ, ಅಗ್ಗ ಅಂತ ಮಾಡಿಸಿದ ಮರ ಕೊಯ್ಯೋ ಮಿಷನ್ನಿನಿಂದ. ಈಗ ನಮ್ಮ ಕಡೆ ಸುಮಾರು ರೈತರು ಮನೆಯಲ್ಲೇ ಇಂಥ ಮಿಷನ್ನು ಇಟ್ಟುಕೊಳ್ಳಬೇಕು ಅಂತಿದ್ದಾರೆ. ನಾನು ಓದಿದ್ದು ಏಳನೇ ಕ್ಲಾಸು. ಗೊತ್ತಿದ್ದಷ್ಟು ಬರೆದಿದ್ದೇನೆ.

ರೈತನಿಗೆ ಇದು ಯಾಕೆ?

ನಮ್ಮದು ಚಳ್ಳಕೆರೆ ಕಡೆ ಆರು ಎಕರೆ ಮಳೆಯಾಶ್ರಯದ ಹೊಲ. ಶೇಂಗಾ, ತೊಗರಿ, ನವಣೆ ಬೆಳೀತೀವಿ. ಒಕ್ಕಣೆ ಮುಗಿದ ಮೇಲೆ ಮುಂದಿನ ಮಳೆವರೆಗೆ ಕೈಗೆ ಕೆಲಸ ಕಡಿಮೆ. ಬದುವಿನಲ್ಲಿ ಬೇವು, ಕರಿಜಾಲಿ, ಹೆಬ್ಬೇವು ಇವೆ. ಮುಂಚೆ ಊರಿನ ಆಚಾರ್ರು ಸುಗ್ಗಿಯಲ್ಲಿ ಕಾಳು ಇಸ್ಕೊಂಡು ವರ್ಷವೆಲ್ಲಾ ಕುಂಟೆ, ಕೂರಿಗೆ ರಿಪೇರಿ ಮಾಡಿಕೊಡ್ತಿದ್ರು. ಈಗ ಅವರ ಮಕ್ಕಳು ಬೆಂಗಳೂರು ಸೇರಿದ್ದಾರೆ. ಆಚಾರ್ರಿಗೆ ವಯಸ್ಸಾಗಿದೆ. ಹಾಗಾಗಿ ಕುಂಟೆ, ಮಂಚ, ಬಾಗಿಲು, ಕೋಳಿಗೂಡು ನಾನೇ ಮಾಡಿಕೊಳ್ಳೋಕೆ ಶುರು ಮಾಡಿದೆ.

ಬೆರಳು ಹೋದ ದಿನ

ಮೊದಲು ಒಂದು ವೆಲ್ಡಿಂಗ್ ಅಂಗಡಿಯಲ್ಲಿ 11 ಸಾವಿರಕ್ಕೆ ಮಾಡಿಸಿದ್ದೆ. ಕಬ್ಬಿಣದ ಟೇಬಲ್ಲು, ಎರಡು ಎಚ್‌ಪಿ ಹಳೇ ಮೋಟರು, ಬೆಲ್ಟು, ಬ್ಲೇಡು ಅಷ್ಟೇ. ಬ್ಲೇಡಿನ ಮೇಲೆ ಮುಚ್ಚಳ ಇಲ್ಲ, ಹಿಂದೆ ಏನೂ ಇಲ್ಲ. ಮೋಟರು ಜೋರಿದ್ದರೆ ಸಾಕು ಅಂದುಕೊಂಡಿದ್ದೆ.

ಆವತ್ತು ಪೂರ್ತಿ ಒಣಗದ ಬೇವಿನ ಹಲಗೆಯನ್ನು ಉದ್ದಕ್ಕೆ ಸೀಳ್ತಿದ್ದೆ. ಅರ್ಧ ಸೀಳಿದ ಮೇಲೆ ಎರಡು ಸೀಳೂ ಒಳಕ್ಕೆ ಬಾಗಿ ಬ್ಲೇಡನ್ನು ಹಿಂದಿನಿಂದ ಕಚ್ಚಿಕೊಂಡವು. ಬ್ಲೇಡಿನ ಮುಂದಿನ ಹಲ್ಲು ಕೆಳಕ್ಕೆ ಇಳಿಯುತ್ತೆ, ಹಿಂದಿನ ಹಲ್ಲು ಮೇಲಕ್ಕೆ ಏಳುತ್ತೆ. ಹಲಗೆ ಹಿಂದೆ ಕಚ್ಚಿಕೊಂಡರೆ ಆ ಹಲ್ಲು ಅದನ್ನು ಎತ್ತಿ ನಮ್ಮ ಕಡೆಗೇ ಒಗೆಯುತ್ತೆ. ಹತ್ತು ಇಂಚಿನ ಬ್ಲೇಡು ನಿಮಿಷಕ್ಕೆ 4,500 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ 200 ಕಿಲೋಮೀಟರಿಗೂ ಜಾಸ್ತಿ. ಹಲಗೆ ನನ್ನ ಹೊಟ್ಟೆಗೆ ಬಡೀತು. ಹಲಗೆ ಒತ್ತಿ ಹಿಡಿದಿದ್ದ ಎಡಗೈ ಅದರ ಜೊತೆಗೇ ಬ್ಲೇಡಿನ ಮೇಲೆ ಹೋಯ್ತು. ಕಣ್ಣು ಮಿಟುಕಿಸೋದರೊಳಗೆ ಎಲ್ಲಾ ಮುಗಿದಿತ್ತು.

ಬೆಣೆಯ ಕೆಲಸ

ಆಸ್ಪತ್ರೆಯಿಂದ ಬಂದ ಮೇಲೆ ಆಚಾರ್ರು ನೋಡೋಕೆ ಬಂದರು. "ಗೌಡ್ರೇ, ಕೊಡಲೀಲಿ ದಿಮ್ಮಿ ಸೀಳುವಾಗ ಬಿರುಕು ಮುಚ್ಚಿಕೊಳ್ಳದ ಹಾಗೆ ಬೆಣೆ ಇಡ್ತೀರಲ್ಲ, ಮಿಷನ್ನಿಗೆ ಬೆಣೆ ಎಲ್ಲಿ?" ಅಂತ ಕೇಳಿದರು. ಆಗ ನನಗೆ ಅರ್ಥ ಆಯ್ತು.

ಒಳ್ಳೆ ಮಿಷನ್ನಿನಲ್ಲಿ ಆ ಬೆಣೆ ಇರುತ್ತೆ. ಬ್ಲೇಡಿನ ಬೆನ್ನಿಗೇ ನಿಂತ ಉಕ್ಕಿನ ಪಟ್ಟಿ ಅದು. ಅಂಗಡಿಯವರು ರೈವಿಂಗ್ ನೈಫ್ ಅಂತಾರೆ. ಸೀಳಿದ ಜಾಗದೊಳಗೆ ಅದು ನಿಂತು, ಹಲಗೆ ಬ್ಲೇಡನ್ನು ಕಚ್ಚದ ಹಾಗೆ ತಡೆಯುತ್ತೆ. ಈ ಪಟ್ಟಿ ಬ್ಲೇಡಿನ ತಗಡಿಗಿಂತ ತುಸು ದಪ್ಪ, ಹಲ್ಲಿನ ಅಗಲಕ್ಕಿಂತ ತುಸು ತೆಳು ಇರಬೇಕು. ಬ್ಲೇಡನ್ನು ಮೇಲೆ ಕೆಳಗೆ ಮಾಡಿದಾಗ ಅದರ ಜೊತೆಗೇ ಏರಿಳಿಯಬೇಕು. ಇದು ಇಲ್ಲದ ಮಿಷನ್ನು ಪುಕ್ಕಟೆ ಕೊಟ್ಟರೂ ಬೇಡ.

ಅಂಗಡಿಯಲ್ಲಿ ಏನೇನು ನೋಡಬೇಕು?

ಎರಡನೇ ಸಲ ಮಗನನ್ನು ಕರ್ಕೊಂಡು ದಾವಣಗೆರೆಗೆ ಹೋದೆ. ಜೊತೆಗೆ ಅಳತೆಪಟ್ಟಿ, ಒಂದು ನೇರವಾದ ರೀಪು ತಗೊಂಡಿದ್ದೆ. ಕರೆಂಟು ಕೊಡದೇನೇ ನೋಡಬೇಕಾದ್ದು ಇವು:

1. ಗೈಡ್ ಪಟ್ಟಿ. ಹಲಗೆ ಒತ್ತಿಕೊಂಡು ಓಡುವ ಈ ಪಟ್ಟಿಗೆ ಫೆನ್ಸ್ ಅಂತಾರೆ. ಬಿಗಿ ಮಾಡಿ ಬ್ಲೇಡಿನ ಮುಂದೆ, ಹಿಂದೆ ಎರಡು ಕಡೆ ಅಳೆಯಿರಿ. ಒಂದೇ ಅಳತೆ ಬರಬೇಕು. ಹಿಂದೆ ಕಡಿಮೆ ಬಂದರೆ ಹಲಗೆ ಬ್ಲೇಡಿಗೆ ಒತ್ತಿಕೊಂಡು ಒಗೆಯುತ್ತೆ. ಪಟ್ಟಿಯ ಆ ತುದಿಯನ್ನು ಕೈಯಲ್ಲಿ ತಳ್ಳಿ ನೋಡಿ, ಅಲ್ಲಾಡಬಾರದು.

2. ಬ್ಲೇಡು. ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಓಲಾಡಿದರೆ ಕೊಯ್ತ ನೇರ ಬರಲ್ಲ.

3. ಮುಚ್ಚಳ. ಹಲಗೆ ಬಂದಾಗ ಎದ್ದು, ಹೋದಾಗ ತಾನೇ ಇಳಿಯಬೇಕು.

4. ಸ್ವಿಚ್ಚು. ನಮ್ಮ ಹಳ್ಳಿಗೆ ಇದು ಮುಖ್ಯ. ಕರೆಂಟು ಹೋಗಿ ಮತ್ತೆ ಬಂದಾಗ ಮಿಷನ್ನು ತಾನಾಗೇ ಶುರು ಆಗಬಾರದು. ಹಸಿರು ಬಟನ್ ಒತ್ತಿದರೆ ಮಾತ್ರ ತಿರುಗಬೇಕು. ಬ್ಲೇಡಿನ ಮೇಲೆ ಕೈ ಇಟ್ಟು ಪುಡಿ ಒರೆಸುವಾಗ ಕರೆಂಟು ಬಂದರೆ ಗತಿ ಏನು?

ಕರೆಂಟಿನ ಲೆಕ್ಕ

ಮಿಷನ್ನು ಎರಡು ಥರ. ಎರಕದ ಟೇಬಲ್ಲಿನ ಭಾರದ ಮಿಷನ್ನಿಗೆ ಇಂಡಕ್ಷನ್ ಮೋಟರು ಇರುತ್ತೆ. ಸದ್ದು ಕಡಿಮೆ, ಬಾಳಿಕೆ ಜಾಸ್ತಿ, ಬೆಲೆಯೂ ಜಾಸ್ತಿ, ಎತ್ತಿಡೋಕೆ ಆಗಲ್ಲ. ಇಬ್ಬರು ಎತ್ತಬಹುದಾದ ಹಗುರ ಮಿಷನ್ನಿಗೆ ಕಾರ್ಬನ್ ಬ್ರಷ್ ಇರುವ ಮೋಟರು. ಇದು ಕಿವಿ ಕೆರೆಯುವಷ್ಟು ಸದ್ದು ಮಾಡುತ್ತೆ, ಬ್ರಷ್ ಸವೆದಾಗ ಬದಲಾಯಿಸಬೇಕು. ಬ್ರಷ್ ಹತ್ತಿರದ ಪೇಟೆಯಲ್ಲಿ ಸಿಗುತ್ತಾ ಅಂತ ಮೊದಲೇ ಕೇಳಿ.

ನಾವು ತಂದಿದ್ದು ಹತ್ತು ಇಂಚು ಬ್ಲೇಡಿನ, 1,800 ವ್ಯಾಟಿನ ಹಗುರ ಮಿಷನ್ನು. ಮನೆಯ ಸಿಂಗಲ್ ಫೇಸಿನಲ್ಲಿ ಎಂಟು ಆಂಪಿಯರ್ ಹತ್ತಿರ ಎಳೆಯುತ್ತೆ. ಲೈಟಿನ ಸಣ್ಣ ಪ್ಲಗ್ಗಿಗೆ ಹಾಕಬೇಡಿ. 2.5 ಚದರ ಮಿಲಿಮೀಟರ್ ವೈರು, ಪವರ್ ಪ್ಲಗ್ಗು, ಅರ್ಥಿಂಗ್ ಬೇಕು. ಇಂಡಕ್ಷನ್ ಮೋಟರು ತರುವವರು ವೋಲ್ಟೇಜು ನೋಡಿಕೊಳ್ಳಿ. 230 ಬರುವಲ್ಲಿ 180 ಬಂದರೆ ಎಳೆತ ಹತ್ತರಲ್ಲಿ ಸುಮಾರು ಆರು ಪಾಲಿಗೆ ಇಳಿದು ಮೋಟರು ಕಾಯುತ್ತೆ. ಹೊಲದ ಪಂಪಿನ ಕರೆಂಟನ್ನು ಇದಕ್ಕೆ ಎಳೆಯಬೇಡಿ, ಅದು ತಪ್ಪು.

ಬ್ಲೇಡು ಎರಡು ಇಟ್ಟುಕೊಳ್ಳಿ. ಉದ್ದಕ್ಕೆ ಸೀಳೋಕೆ 24 ಹಲ್ಲಿನದು, ಅಡ್ಡ ಕೊಯ್ಯೋಕೆ 60 ಹಲ್ಲಿನದು. ಕಾರ್ಬೈಡ್ ಹಲ್ಲು ಮೊಳೆಗೆ ತಾಗಿದರೆ ಮುರಿಯುತ್ತೆ. ಹಳೇ ಬಾಗಿಲಿನ ಮರವಾದರೆ ಮೊದಲು ಅಯಸ್ಕಾಂತ ಆಡಿಸಿ ನೋಡಿ.

ಇದರಿಂದ ಆಗದ್ದು

ಹತ್ತು ಇಂಚಿನ ಬ್ಲೇಡು ಮೇಲೆ ಏಳೋದು ಮೂರು ಇಂಚಿನ ಹತ್ತಿರ. ದುಂಡನೆಯ ದಿಮ್ಮಿ ಇಡಲೇಬಾರದು, ಉರುಳಿ ಬ್ಲೇಡಿಗೆ ಸಿಕ್ಕಿಕೊಳ್ಳುತ್ತೆ. ದಿಮ್ಮಿಯನ್ನು ಸಾಮಿಲ್ಲಿನಲ್ಲಿ ಸೀಳಿಸಿ, ಹಲಗೆಯನ್ನು ನೆರಳಲ್ಲಿ ಒಣಗಿಸಿ ಆಮೇಲೆ ತನ್ನಿ. ಸಾಮಿಲ್ಲಿಗೆ ಅರಣ್ಯ ಇಲಾಖೆ ಪರವಾನಗಿ ಬೇಕು. ಮಾರಾಟಕ್ಕೆ ಕೆಲಸ ಮಾಡುವವರು ತಮ್ಮ ಮಿಷನ್ನಿಗೆ ಏನು ನಿಯಮ ಅಂತ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳೋದು ಒಳ್ಳೇದು.

ಬೆಲೆಯ ಮಾತು

ಬ್ಲೇಡು, ವೈರು ಎಲ್ಲಾ ಸೇರಿ ನಮಗೆ 46 ಸಾವಿರ ಬಿತ್ತು. ಎರಡು ಕುರಿ ಮಾರಿದ ದುಡ್ಡೂ ಅದರಲ್ಲಿತ್ತು. ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಲೆಕ್ಕ ಹಾಕ್ತಾ, "ಹಳೇದಕ್ಕೇ ಒಂದು ಮುಚ್ಚಳ ಹಾಕಿಸಿದ್ರೆ ಆಗಲ್ವಾ" ಅಂದೆ. ನಮ್ಮನೆಯವಳು ನನ್ನ ಎಡಗೈ ಹಿಡಿದು, "ಇದಕ್ಕೆ ಎಷ್ಟು ಲೆಕ್ಕ ಹಾಕಿದ್ರಿ? ಇನ್ನು ಮೇಲೆ ಅದರ ಮುಂದೆ ನಿಲ್ಲೋನು ನನ್ನ ಮಗ" ಅಂದಳು. ನಾನು ಮಾತಾಡಲಿಲ್ಲ. ಹಳೇ ಮಿಷನ್ನಿನ ಮೋಟರು ಬಿಚ್ಚಿ ಟೇಬಲ್ಲನ್ನು ಗುಜರಿಗೆ ಹಾಕಿದೆ. ಬೇರೆಯವರಿಗೆ ಮಾರೋಕೆ ಮನಸ್ಸು ಬರಲಿಲ್ಲ.

ಈಗ ಬೇಸಿಗೆಯಲ್ಲಿ ಮಗ ಮಂಚ, ಕೋಳಿಗೂಡು ಮಾಡ್ತಾನೆ. ಅಕ್ಕಪಕ್ಕದ ಊರಿನವರೂ ಕೇಳಿಕೊಂಡು ಬರ್ತಾರೆ. ಶೆಡ್ಡಿನಲ್ಲಿ ನಾವು ಮಾಡಿಕೊಂಡ ಕಟ್ಟಳೆ ಇಷ್ಟು. ಟವೆಲ್ಲು, ಕೈಗವಸು, ಸಡಿಲ ತೋಳಿನ ಅಂಗಿ ಇಲ್ಲ. ಬ್ಲೇಡು ಹಲಗೆಗಿಂತ ತುಸುವೇ ಮೇಲಿರಬೇಕು. ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಕೊನೇ ಒಂದು ಗೇಣು ಹಲಗೆಯನ್ನು ಕೈಯಲ್ಲಿ ತಳ್ಳದೆ ಕೋಲಿನಲ್ಲಿ ತಳ್ಳಬೇಕು. ಬ್ಲೇಡು ಬದಲಾಯಿಸುವಾಗ ಪ್ಲಗ್ಗು ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಬೇಕು.

ಕೊಳ್ಳೋಕೆ ದುಡ್ಡು ಸಾಲದಿದ್ದರೆ ಇನ್ನೊಂದು ಸುಗ್ಗಿ ಕಾಯಿರಿ. ಅಲ್ಲೀವರೆಗೆ ಕೈಗರಗಸವೇ ಇರಲಿ. ಬೇರೆ ರೈತರು ಯಾವ ಮಿಷನ್ನು ಬಳಸ್ತಿದ್ದಾರೆ, ಏನು ತೊಂದರೆ ಬಂತು ಅಂತ ಬರೆದರೆ ನನಗೂ ಕಲಿಯೋದಿದೆ.