ಒಂದೇ ಪಿಟೀಲು, ಎರಡು ದಾರಿ

ಪಿಟೀಲು ಜನಪದ ಕುಣಿತಕ್ಕೂ ಶಾಸ್ತ್ರೀಯ ಕಛೇರಿಗೂ ಒದಗಿದ ವಾದ್ಯ. ಎರಡೂ ಕಡೆ ಅದೇ ಮರದ ಒಡಲು, ನಾಲ್ಕು ತಂತಿ, ಕುದುರೆಕೂದಲಿನ ಕಮಾನು. ವಾದನ ಬೇರೆಯಾಗುವುದು ಕಮಾನು ಕುಣಿಯುವ ಕಾಲನ್ನು ಹಿಂಬಾಲಿಸುತ್ತದೆಯೋ ಹಾಡುವ ಕೊರಳನ್ನೋ ಎಂಬುದರಿಂದ.

ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಹಳ್ಳಿಯ ಪಿಟೀಲುಗಾರರು ಹೆಚ್ಚಾಗಿ ನುಡಿಸುವುದು ರೀಲ್, ಜಿಗ್‌ನಂಥ ಕುಣಿತದ ಮಟ್ಟುಗಳನ್ನು. ಕಮಾನಿನ ಎಳೆತ ಗಿಡ್ಡ, ಗತ್ತು ಖಚಿತ. ಮಟ್ಟುಗಳನ್ನು ಕೇಳಿಯೇ ಕಲಿಯುತ್ತಾರೆ. ಪಾಶ್ಚಾತ್ಯ ಶಾಸ್ತ್ರೀಯ ವಾದಕರಿಗೆ ಬರೆದಿಟ್ಟ ಸ್ವರಲಿಪಿಯೇ ಆಧಾರ.

ದಕ್ಷಿಣ ಭಾರತದಲ್ಲಿ ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಬಾಲುಸ್ವಾಮಿ ದೀಕ್ಷಿತರು (1786–1858) ಮೊದಲಿಗರು. ಮದರಾಸಿನಲ್ಲಿ ಅವರು ಪಾಶ್ಚಾತ್ಯ ವಾದನ ಕಲಿತರು. ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ನೊಟ್ಟುಸ್ವರಗಳನ್ನು ರಚಿಸಿದರು. ಐರಿಷ್ ಮಟ್ಟು ‘ರೇಕ್ಸ್ ಆಫ್ ಮ್ಯಾಲೋ’ ಅವುಗಳಲ್ಲೊಂದರ ಮೂಲ. ಹೀಗೆ ವಾದ್ಯದ ಬೆನ್ನಿಗೆ ಹಳ್ಳಿಗರ ಕುಣಿತದ ಮಟ್ಟೂ ಶಾಸ್ತ್ರೀಯ ಸಂಗೀತದ ಒಳಗೆ ಬಂತು.

ಕರ್ನಾಟಕ ಪದ್ಧತಿ ವಾದ್ಯವನ್ನು ತನ್ನಂತೆ ಬಾಗಿಸಿಕೊಂಡಿತು. ತಂತಿಗಳು ಷಡ್ಜ–ಪಂಚಮಗಳಿಗೆ ಶ್ರುತಿಗೊಂಡವು. ವಾದಕರು ನೆಲದ ಮೇಲೆ ಕುಳಿತು ಪಿಟೀಲಿನ ತುದಿಯನ್ನು ಬಲಪಾದಕ್ಕೆ ಆನಿಸಿದರು. ವಾದ್ಯವನ್ನು ಹಿಡಿದಿಡುವ ಭಾರ ತಪ್ಪಿದ ಎಡಗೈ ತಂತಿಯ ಮೇಲೆ ಜಾರುತ್ತ ಗಮಕಗಳನ್ನು ತೆಗೆಯಿತು. ಪಾಠ ಮಾತ್ರ ಗುರುಮುಖದಿಂದಲೇ. ಕೇಳಿ ಕಲಿಯುವ ಈ ಕ್ರಮದಲ್ಲಿ ಕರ್ನಾಟಕ ಪಿಟೀಲುವಾದಕರು ಪಾಶ್ಚಾತ್ಯ ಶಾಸ್ತ್ರೀಯ ವಾದಕರಿಗಿಂತ ಐರಿಷ್ ಹಳ್ಳಿಗರಿಗೇ ಹತ್ತಿರ. ಮೈಸೂರಿನ ಟಿ. ಚೌಡಯ್ಯ (1895–1967) ನಾದ ದೂರದವರೆಗೆ ಕೇಳಲೆಂದು ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು.

ಕುಣಿತದ ಮತ್ತು ಕಛೇರಿಯ ಇಂಥದೇ ಎರಡು ದಾರಿಗಳು ಉತ್ತರ ಕನ್ನಡದಲ್ಲೂ ಕಾಣುತ್ತವೆ. ಅಲ್ಲಿನ ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆ, ಅದರ ನೆರೆಯ ಶಿರಸಿ, ಯಲ್ಲಾಪುರ ಸೀಮೆಯಲ್ಲಿ ಶಾಸ್ತ್ರೀಯ ಮತ್ತು ಪಾರಂಪರಿಕ ಸಂಗೀತಗಳು ಅಕ್ಕಪಕ್ಕದಲ್ಲೇ ಬಾಳುತ್ತವೆ. ಬಸವರಾಜ ರಾಜಗುರುಗಳ ಶಿಷ್ಯರಾದ ಗಣಪತಿ ಭಟ್ಟ ಹಾಸಣಗಿ ಈ ಸೀಮೆಯ ಹಿಂದೂಸ್ತಾನಿ ಗಾಯಕರು. ಬಡಗುತಿಟ್ಟಿನ ಯಕ್ಷಗಾನ ಈ ಸೀಮೆಯ ಪಾರಂಪರಿಕ ರಂಗಕಲೆ. ಅದರ ಹಿಮ್ಮೇಳದಲ್ಲಿ ಹಾಡುಗಾರರಾದ ಭಾಗವತರ ಪದ, ಮದ್ದಳೆ, ಚಂಡೆಗಳಿದ್ದು ಶ್ರುತಿಗೆ ಹಾರ್ಮೋನಿಯಂ ಇರುತ್ತದೆ, ಪಿಟೀಲಿಗೆ ಜಾಗವಿಲ್ಲ. ಐರಿಷ್ ಪಿಟೀಲಿನಂತೆ ಇಲ್ಲೂ ಸಂಗೀತ ಹೆಜ್ಜೆಗೆ ಕಟ್ಟುಬಿದ್ದದ್ದು. ರಾಗವನ್ನು ಕಛೇರಿಯಂತೆ ವಿಸ್ತರಿಸದೆ ಸನ್ನಿವೇಶದ ಭಾವಕ್ಕೆ ಬೇಕಾದಷ್ಟೇ ಹಾಡುತ್ತಾರೆ.

ಈ ಎರಡು ದಾರಿಗಳನ್ನು ಕೂಡಿಸಲು ನೋಡಿದವರು ಸಾಹಿತಿ ಶಿವರಾಮ ಕಾರಂತರು (1902–1997). ತಮ್ಮ ಯಕ್ಷಗಾನ ಬ್ಯಾಲೆಗೆ ಅವರು ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ತಂದರು. ಮಾತನ್ನು ಕಡಿಮೆ ಮಾಡಿದ ಅಲ್ಪಾವಧಿಯ ಆ ಪ್ರದರ್ಶನಗಳಲ್ಲಿ ಕಮಾನಿನ ದೀರ್ಘ ನಾದ ಪದಕ್ಕೆ ಒತ್ತಾಸೆಯಾಯಿತು. ಯಕ್ಷಗಾನ ಮೇಳಗಳ ಆಟದಲ್ಲಿ ಪಿಟೀಲು ನೆಲೆಯೂರಲಿಲ್ಲ. ಅಲ್ಲಿ ಭಾಗವತರು ಪಾತ್ರಧಾರಿಯ ಕುಣಿತ ನೋಡಿ ಪದವನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಚಂಡೆಯ ಅಬ್ಬರದೆದುರು ತಂತಿಯ ಸೂಕ್ಷ್ಮ ಕೇಳುವುದೂ ಕಷ್ಟ. ರಾಗಗಳ ಕೊಡುಕೊಳು ಮಾತ್ರ ಕೊರಳಿನ ಮೂಲಕವೇ ನಡೆಯಿತು. ಕಾಳಿಂಗ ನಾವಡರಂಥ (1958–1990) ಭಾಗವತರು ಹಿಂದೂಸ್ತಾನಿ ರಾಗಗಳನ್ನು ಯಕ್ಷಗಾನದ ಪದಗಳಿಗೆ ತಂದರು.