ಎತ್ತಿನಹೊಳೆಯ ಆಚೆ ತುದಿಯ ಜೀವಿಗಳು

ಜಾವಗಲ್‌ಗೆ ಕಡಲು ದೂರ. ಅರಸೀಕೆರೆ ತಾಲ್ಲೂಕಿನ ಈ ಊರಿನವರಿಗೆ ನೀರೆಂದರೆ ಕೆರೆ, ಕೊಳವೆಬಾವಿ. ಈಗ ಎತ್ತಿನಹೊಳೆಯ ನಿರೀಕ್ಷೆ. ಸಕಲೇಶಪುರದ ಮಲೆಗಳಿಂದ ನೇತ್ರಾವತಿಗೆ ಸೇರುವ ಹೊಳೆಗಳ 24.01 ಟಿಎಂಸಿ ಅಡಿ ನೀರನ್ನು ಪೂರ್ವಕ್ಕೆ ಹರಿಸುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ದೊರೆಯಿತು. ಬಯಲುಸೀಮೆಯ ಬೇಡಿಕೆ ನ್ಯಾಯವಾದುದು. ಆದರೆ ಅದೇ ನೀರಿನ ಇನ್ನೊಂದು ತುದಿಯಲ್ಲಿ, ಅಳಿವೆಯ ಬಂಡೆಗಳಲ್ಲಿ, ಯಾವ ಜೀವಿ ನೆಲೆಸಬೇಕೆಂಬುದನ್ನೂ ನದಿಯೇ ನಿರ್ಧರಿಸುತ್ತದೆ.

ಅಸಿಡಿಯನ್‌ಗಳನ್ನೇ ನೋಡಿ. ಮುಟ್ಟಿದರೆ ನೀರು ಚಿಮ್ಮಿಸುವ ಈ ತೊಗಲುಚೀಲದಂಥ ಜೀವಿಗೆ ಇಂಗ್ಲಿಷಿನಲ್ಲಿ ಸೀ ಸ್ಕ್ವರ್ಟ್ ಎನ್ನುತ್ತಾರೆ. ಪ್ರಾಣಿಶಾಸ್ತ್ರದ ಪದವಿ ತರಗತಿಯ ಹರ್ಡ್‌ಮೇನಿಯ ಹಲವರಿಗೆ ನೆನಪಿರಬಹುದು. ಜಗತ್ತಿನಲ್ಲಿ ಇವುಗಳ ಸುಮಾರು 3,000 ಪ್ರಭೇದಗಳಿವೆ. ಗೊದಮೊಟ್ಟೆಯಂಥ ಮರಿ ಕೆಲವು ಗಂಟೆ ಈಜಾಡಿ ಎಲ್ಲಾದರೂ ಅಂಟಿಕೊಂಡರೆ ಮತ್ತೆ ಕದಲುವುದಿಲ್ಲ.

ಸಿಹಿನೀರಿನಲ್ಲಿ ಅಸಿಡಿಯನ್ ಬದುಕದು. ಮುಂಗಾರಿನಲ್ಲಿ ಕಾಳಿ, ನೇತ್ರಾವತಿಗಳು ಉಕ್ಕಿ ಅಳಿವೆಯ ಉಪ್ಪಿನಂಶ ಕುಸಿದಾಗ ಬಹುತೇಕ ಪ್ರಭೇದಗಳಿಗೆ ಅಲ್ಲಿ ಉಳಿಗಾಲವಿಲ್ಲ. ದಡದಿಂದ ದೂರದ ನೇತ್ರಾಣಿಯಂಥ ದ್ವೀಪಗಳಲ್ಲಿ ಆ ಏರಿಳಿತ ಕಡಿಮೆ. ಹೀಗೆ ಮಳೆಯೇ ಹಾಕಿದ ಗಡಿಯನ್ನು ದಾಟಿಸುವುದು ಹಡಗು. ಕೊರಿಯಾ, ಜಪಾನ್ ತೀರದ ಸ್ಟೈಯೆಲಾ ಕ್ಲಾವಾ ಎಂಬ ಪ್ರಭೇದ 1953ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಕಾಣಿಸಿಕೊಂಡಿತು. ಮುಂದೆ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಪಚ್ಚಿಲೆ ಕೃಷಿಕರಿಗೆ ದೊಡ್ಡ ಹೊರೆಯಾಯಿತು. ಚಿಪ್ಪುಗಳ ಮೇಲೆಯೇ ಬೆಳೆದು, ಅವುಗಳ ಆಹಾರಕ್ಕೇ ಪೈಪೋಟಿ ನಡೆಸುವುದು ಅದರ ರೀತಿ. 2017ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ಹಡಗುಗಳು ಸಮತೋಲನಕ್ಕಾಗಿ ತುಂಬಿಕೊಳ್ಳುವ ನೀರನ್ನು ನಿಯಂತ್ರಿಸುತ್ತದೆಯೇ ಹೊರತು ತಳಕ್ಕೆ ಅಂಟಿ ಬರುವ ಜೀವಿಗಳನ್ನಲ್ಲ.

ಇದು ನಮಗೆ ದೂರದ ಸಂಗತಿಯಲ್ಲ. ಮಂಗಳೂರು, ಕಾರವಾರಗಳಲ್ಲಿ ಬಂದರುಗಳಿವೆ. ಕಾಸರಗೋಡಿನ ಪಡನ್ನದಲ್ಲಿ ಮಹಿಳಾ ಸ್ವಸಹಾಯ ಸಂಘಗಳು 1990ರ ದಶಕದಿಂದ ಪಚ್ಚಿಲೆ ಕೃಷಿಗೆ ಹೆಸರಾಗಿವೆ.

ಎತ್ತಿನಹೊಳೆ ಯೋಜನೆಯೊಂದೇ ಕಡಲಿನ ಚಹರೆ ಬದಲಿಸೀತೆಂಬುದು ಆತುರದ ಮಾತು. ಆದರೆ ಅಳತೆಯಿಲ್ಲದಿದ್ದರೆ ಆತಂಕಕ್ಕೂ ಆಧಾರವಿಲ್ಲ, ಸಮಾಧಾನಕ್ಕೂ ಇಲ್ಲ. ಬಂದರಿನ ನೀರಿನಲ್ಲಿ ಹಲಗೆಗಳನ್ನು ಇಳಿಬಿಟ್ಟು, ಮುಂಗಾರಿನ ಮೊದಲು ಮತ್ತು ಅನಂತರ ಅವುಗಳಿಗೆ ಅಂಟಿದ ಜೀವಿಗಳನ್ನೂ ನೀರಿನ ಉಪ್ಪಿನಂಶವನ್ನೂ ದಾಖಲಿಸುವುದು ಕರಾವಳಿಯ ಕಾಲೇಜುಗಳಿಗೂ ಸಾಧ್ಯವಾದ ಕೆಲಸ. ನೀರನ್ನು ಟಿಎಂಸಿಯಲ್ಲಿ ಎಣಿಸುವ ಸರ್ಕಾರ ಈ ಲೆಕ್ಕಕ್ಕೂ ಹಣ ಒದಗಿಸಬೇಕು. ಜಾವಗಲ್ಲಿನ ನಲ್ಲಿಗೂ ಅಳಿವೆಯ ಬಂಡೆಗೂ ನೀರು ಬರಬೇಕಾದದ್ದು ಒಂದೇ ಮಲೆಯಿಂದ.