ದಂತವೈದ್ಯನಾಗದೆ ನಾದದ ಹಾದಿ ಹಿಡಿದವರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಅಲ್ಲೊಂದು ಇಲ್ಲೊಂದು ಎಂಬಂತಿರುವ ನಮ್ಮ ಕಥೋಲಿಕ ಮನೆಗಳಿಂದ ಈಚೆಗೆ ಪದೇ ಪದೇ ಕೇಳಿಬರುವ ಅಳಲೊಂದಿದೆ. ಮಗ ಪುಸ್ತಕ ಮುಚ್ಚಿಟ್ಟು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಲ್ಯಾಪ್‌ಟಾಪಿನಲ್ಲಿ ತಾಳ ಜೋಡಿಸುತ್ತ ಕುಳಿತಿರುತ್ತಾನೆ. 'ಇಷ್ಟು ಓದಿಸಿದ್ದು ಡಿ.ಜೆ. ಆಗಲೆಂದೇ, ಫಾದರ್?' ಎಂದು ತಾಯ್ತಂದೆಯರು ಕೇಳುತ್ತಾರೆ. ಕೊಬ್ಬರಿಯ ಬೆಲೆಯನ್ನು ನೆಚ್ಚಿಕೊಂಡು ಶುಲ್ಕ ಕಟ್ಟಿದವರ ಈ ಕಳವಳವನ್ನು ನಾವು ಹಗುರವಾಗಿ ಕಾಣಲಾರೆವು. ಆದರೆ ಉತ್ತರ ಹೇಳುವ ಮುನ್ನ ಬೆಂಗಳೂರಿನ ರಿಕಿ ಕೇಜ್ ಅವರ ಬದುಕನ್ನು ಓದುಗರ ಮುಂದಿರಿಸಬಯಸುತ್ತೇವೆ.

ಮೊದಲು ಒಂದು ಭೇದವನ್ನು ಗುರುತಿಸೋಣ. ಡಿ.ಜೆ. ಸಾಮಾನ್ಯವಾಗಿ ಧ್ವನಿಮುದ್ರಿತ ಹಾಡುಗಳನ್ನು ಆಯ್ದು, ಒಂದರ ಲಯಕ್ಕೆ ಇನ್ನೊಂದನ್ನು ಹೊಂದಿಸಿ, ನೆರೆದವರಿಗೆ ಕೇಳಿಸುವವನು. ಸಂಗೀತ ನಿರ್ಮಾಪಕನಾದರೋ ಕೀಬೋರ್ಡು, ಕಂಪ್ಯೂಟರು, ಧ್ವನಿಮುದ್ರಣಗಳಿಂದ ಹಾಡನ್ನೇ ಕಟ್ಟುವವನು. ಕೇಜ್ ಈ ಎರಡನೆಯ ಬಗೆಯವರು.

1981ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಜನಿಸಿದ ಅವರು ಎಂಟನೆಯ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದರು. ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಆಕ್ಸ್‌ಫರ್ಡ್ ದಂತವೈದ್ಯಕೀಯ ಕಾಲೇಜನ್ನು ಸೇರಿದರು. ಏಂಜಲ್ ಡಸ್ಟ್ ಎಂಬ ರಾಕ್ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದರೂ ಪದವಿಯನ್ನು ಪೂರೈಸಿದರು. ವೈದ್ಯವೃತ್ತಿಯನ್ನು ಮಾತ್ರ ಹಿಡಿಯಲಿಲ್ಲ. ಪದವಿ ಪೂರೈಸಿದರೆಂಬ ಮಾತನ್ನು ನಮ್ಮ ಯುವಕರು ಎರಡು ಸಲ ಓದಲಿ. ವೃತ್ತಿ ಹಿಡಿಯಲಿಲ್ಲವೆಂಬುದನ್ನು ಹೆತ್ತವರು ಓದಲಿ.

2003ರಲ್ಲಿ ಸ್ವಂತ ಸ್ಟುಡಿಯೋ ತೆರೆದ ಅವರಿಗೆ ಅನ್ನ ಕೊಟ್ಟದ್ದು ಜಾಹೀರಾತಿನ ಕಿರುಗೀತೆಗಳು. ಅಂಥ 3,000ಕ್ಕೂ ಹೆಚ್ಚು ತುಣುಕುಗಳನ್ನು ಅವರು ರಚಿಸಿದ್ದಾರೆ. ಸಾಬೂನು, ಬಿಸ್ಕತ್ತುಗಳ ಹಾಡೆಂದು ಮೂಗು ಮುರಿಯುವವರುಂಟು. ನಾವು ಮುರಿಯೆವು. ಕಲೆಯೆಂಬುದು ಬುದ್ಧಿಯಲ್ಲಿ ನೆಲೆಗೊಂಡ ಒಂದು ರೂಢಿ, ಮಾಡಬೇಕಾದುದನ್ನು ಸರಿಯಾಗಿ ಮಾಡುವ ವಿವೇಕ ಎಂದರು ಸಂತ ತೋಮಸ್ ಅಕ್ವಿನಾಸರು. ಅರ್ಧ ನಿಮಿಷದ ಹಾಡನ್ನು ಮೂರು ಸಾವಿರ ಸಲ ಕಟ್ಟಿದವನಿಗೆ ಆ ರೂಢಿ ಕೈಗೂಡದಿರುತ್ತದೆಯೇ?

ದಕ್ಷಿಣ ಆಫ್ರಿಕದ ಕೊಳಲುವಾದಕ ವೌಟರ್ ಕೆಲ್ಲರ್‌ಮನ್ ಅವರೊಡನೆ ರಚಿಸಿದ 'ವಿಂಡ್ಸ್ ಆಫ್ ಸಂಸಾರ'ಕ್ಕೆ 2015ರಲ್ಲಿ ಗ್ರ್ಯಾಮಿ ಪ್ರಶಸ್ತಿ ಸಂದಿತು. ಕೊರೋನಾ ಕಾಲದಲ್ಲಿ 'ದಿ ಪೊಲೀಸ್' ತಂಡದ ಹಿಂದಿನ ಡ್ರಮ್‌ವಾದಕ ಸ್ಟೀವರ್ಟ್ ಕೋಪ್‌ಲೆಂಡ್ ಅಮೆರಿಕದಲ್ಲಿ, ಕೇಜ್ ಬೆಂಗಳೂರಿನಲ್ಲಿ ಕುಳಿತು ಕೂಡಿ ಕಟ್ಟಿದ 'ಡಿವೈನ್ ಟೈಡ್ಸ್' 2022ರಲ್ಲಿ ಎರಡನೆಯ ಗ್ರ್ಯಾಮಿಯನ್ನು ತಂದಿತು. ಕೇಳುಗನನ್ನು ಸುತ್ತಲಿನಿಂದಲೂ ಆವರಿಸುವಂತೆ ನಾದವನ್ನು ಹಂಚಿದ ಕೌಶಲಕ್ಕಾಗಿ ಅದೇ ಕೃತಿಗೆ 2023ರಲ್ಲಿ ಮತ್ತೊಂದು ದೊರೆಯಿತು.

ಯಂತ್ರದಿಂದ ಹುಟ್ಟಿದ ನಾದಕ್ಕೆ ಆತ್ಮವುಂಟೇ ಎಂದು ಹಿರಿಯರು ಕೇಳಬಹುದು. ಆರ್ಗನ್ನೂ ಯಂತ್ರವೇ ತಾನೆ! ಸಂತ ಅಗಸ್ಟೀನರ ಚಿಂತೆ ಬೇರೆಯಾಗಿತ್ತು: ದೇವಾಲಯದಲ್ಲಿ ಹಾಡಿದ ಮಾತಿಗಿಂತ ಹಾಡುವ ದನಿಯೇ ತಮ್ಮನ್ನು ಹೆಚ್ಚು ಸೆಳೆಯಿತಲ್ಲಾ ಎಂದು ಅವರು 'ಕನ್ಫೆಶನ್ಸ್'ನಲ್ಲಿ ಕೊರಗಿದ್ದಾರೆ. ಎದೆ ನಡುಗಿಸುವ ಧ್ವನಿವರ್ಧಕಗಳ ಈ ಕಾಲದಲ್ಲಿ ಆ ಕೊರಗು ಹಳತಾಗಿಲ್ಲ. 2023ರ ಆಗಸ್ಟ್ 6ರ ಮುಂಜಾನೆ ಲಿಸ್ಬನ್ನಿನ ವಿಶ್ವ ಯುವದಿನದಲ್ಲಿ, ಬಯಲಿನಲ್ಲಿ ಮಲಗಿದ್ದ ಯುವಜನರನ್ನು ಡಿ.ಜೆ. ಸಂಗೀತದಿಂದ ಎಬ್ಬಿಸಿದವರು ಪೋರ್ಚುಗಲ್ಲಿನ ಧರ್ಮಕೇಂದ್ರದ ಗುರು ಗಿಲೆರ್ಮೆ ಪೆಯ್ಶೋಟೊ. ಅದು ನಡೆದದ್ದು ಪೋಪ್ ಫ್ರಾನ್ಸಿಸರ ಬಲಿಪೂಜೆಗೆ ಮುನ್ನ, ಬಲಿಪೂಜೆಯೊಳಗಲ್ಲ. ಈ ಅಂತರ ನಮಗೆ ಮುಖ್ಯವೆನಿಸುತ್ತದೆ.

ಕೇಜ್ ತಮ್ಮ ಸಂಗೀತವನ್ನು ಬಹುಮಟ್ಟಿಗೆ ಪರಿಸರಕ್ಕೆ ಮುಡಿಪಾಗಿಟ್ಟಿದ್ದಾರೆ. ಪೋಪ್ ಫ್ರಾನ್ಸಿಸರ ವಿಶ್ವಪತ್ರ 'ಲೌದಾತೊ ಸೀ' ಹೊರಬಂದ 2015ರಲ್ಲೇ ಅವರ 'ಶಾಂತಿ ಸಂಸಾರ' ಪ್ಯಾರಿಸ್ಸಿನ ಹವಾಮಾನ ಸಮ್ಮೇಳನದಲ್ಲಿ ಬಿಡುಗಡೆಯಾಯಿತು. ಡೇವಿಡ್ ಅಟೆನ್‌ಬರೊ ದನಿ ನೀಡಿದ 'ವೈಲ್ಡ್ ಕರ್ನಾಟಕ' ಚಿತ್ರಕ್ಕೂ ಸಂಗೀತ ಅವರದೇ. ಅಂತರ್ಜಲ ಕುಸಿದು ತೆಂಗಿನ ಸುಳಿ ಬಾಡುವುದನ್ನು ಕಂಡ ನಮ್ಮ ಜನರಿಗೆ ಈ ಕಾಳಜಿಯನ್ನು ವಿವರಿಸಬೇಕಾಗಿಲ್ಲ.

2025ರ ಜನವರಿಯಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಮರುತಿಂಗಳು ನಾಲ್ಕನೆಯ ಗ್ರ್ಯಾಮಿಗೆ ಅವರ 'ಬ್ರೇಕ್ ಆಫ್ ಡಾನ್' ಸ್ಪರ್ಧೆಯಲ್ಲಿದ್ದರೂ ಗೆದ್ದದ್ದು 'ತ್ರಿವೇಣಿ'. ಅದನ್ನು ರಚಿಸಿದ ಮೂವರಲ್ಲಿ ಒಬ್ಬರು, ಹತ್ತು ವರ್ಷಗಳ ಹಿಂದೆ ಕೇಜ್ ಅವರೊಡನೆ ವೇದಿಕೆಯೇರಿದ್ದ ಅದೇ ಕೆಲ್ಲರ್‌ಮನ್.